ಕೊಡಲಿಯ ಕಾವು, ಒಲೆಯ ಕಾವು

ಮೋಳಿಗೆಯ ಮಾರಯ್ಯನ ವಚನಗಳನ್ನು ಪಾಠ ಹೇಳುತ್ತಿದ್ದ ಒಂದು ಮಧ್ಯಾಹ್ನ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮೋಳಿಗೆ ಎಂಬುದು ಯಾವ ಸೀಮೆಯ ಊರು ಸಾರ್?” ಎಂದು ಕೇಳಿದ. ತರಗತಿಯಲ್ಲಿ ಯಾರೂ ನಗಲಿಲ್ಲ. ಉಳಿದವರೂ ಅದನ್ನು ಊರೆಂದೇ ತಿಳಿದಿದ್ದರೆಂಬುದು ಆ ಮೌನದಿಂದ ನನಗೆ ಗೊತ್ತಾಯಿತು. ಮೋಳಿಗೆಯೆಂದರೆ ಸೌದೆಯ ಹೊರೆ. ಕಾಶ್ಮೀರದ ಅರಸನಾಗಿದ್ದವನು ಸಿಂಹಾಸನವನ್ನು ತೊರೆದು ಕಲ್ಯಾಣಕ್ಕೆ ಬಂದು, ಸೌದೆ ಮಾರಿ ಜೀವಿಸಿದನೆಂದು ಶರಣರ ಕಥೆಗಳು ಹೇಳುತ್ತವೆ. ಆ ಕಾಯಕವೇ ಅವನ ಹೆಸರಾಯಿತು ಎಂದು ವಿವರಿಸಿದೆ. ಹುಡುಗ ಕುಳಿತುಕೊಳ್ಳಲಿಲ್ಲ. “ಒಂದು ಹೊರೆ ಎಷ್ಟು ಭಾರ ಇರುತ್ತೆ ಸಾರ್?” ಎಂದ. ಪದದ ಅರ್ಥ, ಅಂಕಿತ, ಕಾಲ, ಪಾಠಾಂತರ ಎಲ್ಲಕ್ಕೂ ಸಿದ್ಧನಾಗಿ ಹೋಗಿದ್ದ ನಾನು ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಸೊರಬ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಬುದ್ಧಿ ತಿಳಿದಂದಿನಿಂದ ಪ್ರತಿ ಬೇಸಗೆಯಲ್ಲೂ ಸೌದೆ ಒಡೆದವನು ನಾನು! ಅಂದಾಜಿನ ಮೇಲೆ ಏನೋ ಒಂದು ಸಂಖ್ಯೆಯನ್ನು ಹೇಳಿದೆ. ಗಂಟೆ ಹೊಡೆದುದರಿಂದ ಪಾರಾದೆ.

ಈ ವಾರ ಪುಸ್ತಕಗಳ ವಿಚಾರವನ್ನು ಬದಿಗಿರಿಸಿ ಸೌದೆಯ ವಿಚಾರವನ್ನು ಎತ್ತಿಕೊಂಡುದಕ್ಕೆ ಆ ಪ್ರಶ್ನೆಯೇ ಕಾರಣ. ಸಾಹಿತ್ಯದ ಪುಟದಲ್ಲಿ ಸೌದೆಗೇನು ಕೆಲಸವೆಂದು ಹುಬ್ಬೇರಿಸುವವರು, ಸಮಿಧೆಯೇ ಸವುದೆಯಾಗಿ ಸೌದೆಯಾಯಿತೆಂಬ ಪಂಡಿತರ ಮಾತನ್ನು ನೆನೆದು ಸಮಾಧಾನ ಮಾಡಿಕೊಳ್ಳಬೇಕು.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವವರು ಬಯಲು ಮೆಲ್ಲಮೆಲ್ಲನೆ ಮಲೆನಾಡಾಗುವುದನ್ನು ಬಸ್ಸಿನ ಕಿಟಕಿಯಿಂದಲೇ ಕಾಣಬಹುದು. ಜಾಲಿ, ಹುಣಸೆಗಳು ಹಿಂದೆ ಸರಿದು ಮತ್ತಿ, ಹೊನ್ನೆ, ನಂದಿಗಳು ಮುಂದೆ ಬರುತ್ತವೆ. ತಗ್ಗಿನಲ್ಲಿ ಅಡಿಕೆಯ ತೋಟ, ಅದರ ನೆತ್ತಿಯ ಮೇಲೆ ಕಪ್ಪಾಗಿ ಕವಿದ ಕಾನು. ಕಾಡು ಬೇರೆ, ಕಾನು ಬೇರೆ ಎಂಬುದು ನಮ್ಮ ಕಡೆಯ ಹಿರಿಯರ ನಿಘಂಟು. ಕಾಡು ಬೇಸಗೆಯಲ್ಲಿ ಎಲೆಯುದುರಿಸುತ್ತದೆ. ಕಾನು ವರ್ಷವೆಲ್ಲ ಹಸಿರು, ಅಡಿಯಲ್ಲಿ ತಣ್ಣೆಳಲು, ಒಳಗೆಲ್ಲೋ ಒಂದು ಜಲ, ಕಾಡುಮೆಣಸಿನ ಬಳ್ಳಿ, ಬೈನೆ, ಒಂದು ದೇವರ ಕಲ್ಲು. ಸೌದೆ ಕಾಡಿನದು, ಕಾನಿನಲ್ಲಿ ಕೊಡಲಿಯೆತ್ತುವುದು ಅಪ್ಪಯ್ಯನ ದೃಷ್ಟಿಯಲ್ಲಿ ಕಳ್ಳತನಕ್ಕಿಂತ ಕೀಳು. ಈ ಭೇದವನ್ನು ಹೊರಗಿನವರೂ ಗುರುತಿಸಿದ್ದರು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬಿಬ್ಬರು ಅಧಿಕಾರಿಗಳು 1868ರಲ್ಲಿ ಸೊರಬ ತಾಲೂಕಿನ ಕಾನುಗಳ ಮೇಲೆಯೇ ಒಂದು ವರದಿ ಬರೆದು, ಈ ಒಂದೇ ತಾಲೂಕಿನಲ್ಲಿ 171 ಕಾನುಗಳನ್ನು ಲೆಕ್ಕಹಾಕಿದರು. ಅವುಗಳಲ್ಲಿ ಎಷ್ಟೋ ಈಗ ನೆಡುತೋಪಾಗಿವೆ, ಗದ್ದೆಯಾಗಿವೆ, ಊರ ಹೆಸರಿನ ಬಾಲವಾಗಿ ಮಾತ್ರ ಉಳಿದಿವೆ.

ಹೋಳಿಹುಣ್ಣಿಮೆ ಕಳೆದರೆ ನಮ್ಮಲ್ಲಿ ಸೌದೆಯ ಕಾಲ. ಒಣಗಿ ನಿಂತ ಮರ, ಗಾಳಿಗೆ ಮುರಿದ ಕೊಂಬೆ, ತೋಟದಂಚಿನಲ್ಲಿ ಸವರಿದ ಹಲಸು, ಮಾವು – ಇವು ಗಾಡಿಯ ಮೇಲೆ ಅಂಗಳಕ್ಕೆ ಬರುತ್ತಿದ್ದುವು. ಮೊದಲು ಗರಗಸ. ಒಂದು ತುದಿಗೆ ಅಪ್ಪಯ್ಯ, ಇನ್ನೊಂದು ತುದಿಗೆ ನಾನು. “ಎಳೀಬೇಕು ಕಣಾ, ನೂಕಬಾರ್ದು. ನೂಕೋದು ನನ್ನ ಕೆಲಸ ಅಲ್ಲ, ನಿನ್ನ ಕೆಲಸಾನೂ ಅಲ್ಲ” ಎಂದು ಅವರು ಹೇಳುತ್ತಿದ್ದುದು ಗರಗಸದ ವಿಷಯದಲ್ಲಿ. ನೂಕಿದರೆ ಅಲಗು ಬಳುಕಿ ಕಚ್ಚಿಕೊಳ್ಳುತ್ತದೆ. ಇಬ್ಬರೂ ತಂತಮ್ಮ ಕಡೆಗೆ ಎಳೆದು, ಎಳೆದ ಮೇಲೆ ಬಿಟ್ಟುಕೊಟ್ಟರೆ ಮಾತ್ರ ಅದು ಹಾಡುತ್ತದೆ.

ಅನಂತರ ಕೊಡಲಿ. ಕೊರಡನ್ನು ನಿಲ್ಲಿಸಿ ಅದರ ತಲೆಯನ್ನು ನೋಡಬೇಕು. ಒಣಗಿದ ಕೊರಡಿನ ತಲೆಯ ಮೇಲೆ ತಿರುಳಿನಿಂದ ತೊಗಟೆಯ ಕಡೆಗೆ ಸಣ್ಣ ಬಿರುಕುಗಳು ಹೊರಟಿರುತ್ತವೆ. ಮರ ಎಲ್ಲಿ ಬಿಡಲು ಒಪ್ಪಿದೆಯೆಂಬುದನ್ನು ತಾನೇ ಬರೆದಿಟ್ಟ ಹಾಗೆ. ಆ ಗೆರೆಯ ಮೇಲೆ ಏಟು ಬಿದ್ದರೆ ಹೆಚ್ಚಿನ ಬಲವೇ ಬೇಡ. ಕೊಡಲಿಯನ್ನು ಎತ್ತುವವರೆಗೆ ನಮ್ಮದು. ಇಳಿಯುವಾಗ ಅದರದೇ ಭಾರ ಕೆಲಸ ಮಾಡಬೇಕು, ಕೈ ದಾರಿ ತೋರಿಸಿದರೆ ಸಾಕು. ಇದು ತಿಳಿಯಲು ನನಗೆ ಮೂರು ಬೇಸಗೆ ಹಿಡಿಯಿತು. ಆ ಮೂರು ವರ್ಷ ಕೋಪದಿಂದ ಒಡೆದೆ. ಅಂಗೈ ತುಂಬ ಬೊಬ್ಬೆ, ಅಂಗಳ ತುಂಬ ಚಕ್ಕೆ. ಗಂಟಿರುವ ಕೊರಡಿಗೆ ಬೆಣೆಯೇ ಗತಿ. ಬೆಣೆಯನ್ನು ಬಡಿಯುತ್ತ ಬಡಿಯುತ್ತ ಇದ್ದಂತೆ ಮಂದವಾಗಿದ್ದ ಸದ್ದು ಬಿಗಿಯಾಗುತ್ತದೆ. ಒಳಗಿನಿಂದ ಕಿರ್ರೆಂಬ ಒಂದು ದನಿ. ಒಂದು ಗಳಿಗೆ ನಿಂತು, ಮತ್ತೆ ಒಂದೇ ಏಟು. ಎರಡು ಹೋಳು ಎರಡು ಕಡೆಗೆ ಬಿದ್ದಾಗ ಒಳಗಿನ ಬಣ್ಣ ಬೆಳಕಿಗೆ ಬರುತ್ತದೆ: ಹಲಸಿನ ಅರಿಸಿನ, ಗಾಯವಾದಲ್ಲಿ ಹೊನ್ನೆ ಒಸರಿದ ರಕ್ತದಂತಹ ಅಂಟು, ಮತ್ತಿಯ ಕಂದು. ಅದುವರೆಗೆ ಯಾವ ಕಣ್ಣೂ ಕಾಣದಿದ್ದುದನ್ನು ನಾವು ಮೊದಲು ಕಾಣುತ್ತೇವೆ. ಕೊಡಲಿಯ ಸದ್ದು ಕೇಳಿದೊಡನೆ ಕೇರಿಯ ಕೋಳಿಗಳೆಲ್ಲ ಓಡಿ ಬರುತ್ತಿದ್ದುವು. ಗೆದ್ದಲು, ಮರದ ಹುಳು ಅವುಗಳ ಪಾಲು.

ಇದಕ್ಕಿಂತ ಸರಳವಾದ ಸುಖವನ್ನು ನಾನು ಕಂಡಿಲ್ಲ. ಪ್ರಬಂಧ ಬರೆದರೆ ಅದು ಒಳ್ಳೆಯದೋ ಕೆಟ್ಟದೋ ಎಂಬುದು ಬರೆದವನಿಗೆ ಬಹುಕಾಲ ತಿಳಿಯುವುದಿಲ್ಲ. ಮೆಚ್ಚಿದವರು ಓದಿರುವುದಿಲ್ಲ, ಓದಿದವರು ಹೇಳುವುದಿಲ್ಲ. ಕೊರಡು ಹಾಗಲ್ಲ. ಅದು ಅಲ್ಲಿಯೇ ತೀರ್ಪು ಕೊಡುತ್ತದೆ. ನಮ್ಮ ನುಡಿಯ ಒಂದು ಸೊಗಸನ್ನೂ ನಾನು ಕಲಿತದ್ದು ಅಲ್ಲಿಯೇ. ಕೊಡಲಿಯ ಹಿಡಿಗೂ ಕಾವು ಎನ್ನುತ್ತೇವೆ, ಬೆಂಕಿಯ ಬಿಸಿಗೂ ಕಾವು ಎನ್ನುತ್ತೇವೆ. ಮೂಲ ಬೇರೆಬೇರೆಯಿದ್ದೀತು, ಸೌದೆ ಒಡೆಯುವವನಿಗೆ ಮಾತ್ರ ಅವೆರಡೂ ಒಂದೇ ಕೆಲಸದ ಎರಡು ತುದಿಗಳು. ದಿಂಡಿಗದ ಕಾವು ಹಾಕಿದ ಕೊಡಲಿ ಎರಡು ತಲೆಮಾರು ಬರುತ್ತದೆಂದು ಅಪ್ಪಯ್ಯನ ನಂಬಿಕೆ. ಕೊಡಲಿಯ ಕಾವು ಕುಲಕ್ಕೆ ಸಾವು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಕಲಿತು ಬಂದು ಒಪ್ಪಿಸಿದಾಗ ಅವರು ಮರವನ್ನೊಮ್ಮೆ ನೋಡಿ, ಏನೂ ಹೇಳದೆ ಕಾವನ್ನು ಕೆತ್ತತೊಡಗಿದರು.

ಹಸಿಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಣಗಿಸದೆ ಉರಿಸಿದರೆ ಬೆಂಕಿಯ ಶಕ್ತಿಯ ದೊಡ್ಡ ಪಾಲು ಆ ನೀರನ್ನು ಆವಿಮಾಡುವುದರಲ್ಲೇ ಮುಗಿದು, ಉಳಿದದ್ದು ಹೊಗೆಯಾಗುತ್ತದೆ. ಆದುದರಿಂದ ಸೀಳುಗಳನ್ನು ಗಾಳಿಯಾಡುವಂತೆ ಅಡ್ಡಡ್ಡ ಒಟ್ಟಿ, ಮೃಗಶಿರಾ ಮಳೆಗೆ ಮುಂಚೆ ಕೊಟ್ಟಿಗೆ ಸೇರಿಸಬೇಕು. ಒಣಗಿದುದಕ್ಕೆ ಪರೀಕ್ಷೆ ಸುಲಭ: ಎರಡನ್ನು ತಟ್ಟಿದರೆ ಟಣ್ಣೆನ್ನಬೇಕು. ಅಡಿಕೆಯ ಸುಗ್ಗಿ ಬಂದಾಗ ಈ ಒಟ್ಟಿಲು ಕರಗುತ್ತದೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ, ಚೊಗರಿನ ಕೆಂಪು ಹಿಡಿಸಿ, ಬಿಸಿಲಿಗೆ ಹಾಕುವ ದಿನಗಳು ಅವು, ರಾತ್ರಿಯೆಲ್ಲ ಉರಿ. ಕೆಂಡದಲ್ಲಿ ಗೆಣಸು ಹೂತು, ಅದು ಬೇಯುವಷ್ಟರಲ್ಲಿ ಮುಗಿಯಬೇಕಾದ ಕಥೆಗಳನ್ನು ಅಜ್ಜಿ ಹೇಳುತ್ತಿದ್ದಳು. ಮರುದಿನದ ಬೂದಿ ಪಾತ್ರೆಗೆ, ಬದನೆಯ ಗಿಡಕ್ಕೆ, ಬೀಜದ ಕಾಳಿಗೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಂದು ಸೊಗಸಾದ ನೆನಪಿನ ಲೇಖನವಾಗುತ್ತಿತ್ತೇನೋ. ಆದರೆ ಈವರೆಗೆ ನಾನು ಹೇಳಿದ್ದೆಲ್ಲ ಅಂಗಳದ ಮಾತು. ಒಳಗೆ ಅಡುಗೆಮನೆ ಇತ್ತು.

ಗ್ಯಾಸಿನ ಒಲೆ ನಮ್ಮ ಮನೆಗೆ ಬಂದ ವರ್ಷ ನಾನು ಎಂ.ಎ. ಓದುತ್ತಿದ್ದೆ. ರಜೆಗೆ ಊರಿಗೆ ಬಂದಾಗ ಅವ್ವ ಹಾರೆ ಹಿಡಿದು ಹಳೆಯ ಕೋಡೊಲೆಯನ್ನು ಒಡೆಯುತ್ತಿದ್ದಳು. ಅಜ್ಜಿ ಮಣ್ಣು ಕಲಸಿ ಕಟ್ಟಿದ ಒಲೆ. ಪ್ರತಿ ಹಬ್ಬಕ್ಕೂ ಸಾರಿಸಿ ರಂಗೋಲಿಯಿಟ್ಟ ಒಲೆ. ನಾನು ಗಾಬರಿಯಾಗಿ, “ಇರ್ಲಿ ಬಿಡವ್ವ, ನೆನಪಿಗಾದ್ರೂ ಇರ್ಲಿ” ಎಂದೆ. ಅವ್ವ ಹಾರೆಯನ್ನು ಕೆಳಗಿಡಲಿಲ್ಲ. “ಕಡಿಯೋದು ನಿಂಗೆ ಸುಖ ಕಣಾ ತಮ್ಮಾ. ಹೊಗೆ ಕುಡಿದವಳು ನಾನು. ನೆನಪು ನನ್ನ ಎದೇಲಿ ಐತೆ, ಕೆಮ್ಮಿದಾಗ ಬರ್ತದೆ” ಎಂದಳು. ಅಷ್ಟು ಹೇಳಿ ಉಳಿದರ್ಧವನ್ನೂ ಒಡೆದಳು. ಮಳೆಗಾಲದ ಆರಿದ ಸೌದೆಯನ್ನು ಊದುಗೊಳವೆಯಿಂದ ಊದುತ್ತ, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದವಳನ್ನು ಇಪ್ಪತ್ತು ವರ್ಷ ನೋಡಿದ್ದೆ. ಅದು ಅಳುವಲ್ಲವೆಂದು ತಿಳಿದು ಸುಮ್ಮನಿದ್ದೆ.

ಒಲೆಯನ್ನು ಸುಧಾರಿಸುವ ಪ್ರಯತ್ನ ಆಗದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮೂರು ಪಾತ್ರೆಗಳನ್ನು ಒಂದೇ ಉರಿಗೆ ಕೂರಿಸಿ, ಹೊಗೆಯನ್ನು ಕೊಳವೆಯಿಂದ ಮಾಡಿನ ಮೇಲೆ ಕಳಿಸುವ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆಯೆಂದೇ ಅದು ಹಳ್ಳಿಗಳಲ್ಲಿ ಪ್ರಸಿದ್ಧ. ಸೌದೆ ಉಳಿಯಿತು, ಗೋಡೆಯ ಮಸಿ ಕಡಿಮೆಯಾಯಿತು. ಅದಕ್ಕೊಂದೇ ಹಟ: ಸೌದೆಯನ್ನು ಸಣ್ಣದಾಗಿ, ಗಿಡ್ಡದಾಗಿ ಸೀಳಿ ಕೊಡಬೇಕು. ನಮ್ಮ ಕೇರಿಯಲ್ಲಿ ಅದು ಸೋತದ್ದು ಅಲ್ಲಿಯೇ. ನಾವು ಗಂಡಸರು ನಮ್ಮ ತೋಳಿಗೆ ಹಿತವಾಗುವ ಗಾತ್ರಕ್ಕೆ ಒಡೆದು ಮೀಸೆ ತಿರುವಿ ಎದ್ದುಬಿಡುತ್ತಿದ್ದೆವು. ಒಲೆಗೆ ಹಿತವಾಗುವ ಗಾತ್ರಕ್ಕೆ ಅದನ್ನು ಮತ್ತೆ ಕತ್ತಿಯಿಂದ ಸೀಳಬೇಕಾದವರು ಒಳಗಿನವರು. ನನ್ನ ಸುಖ ಎಲ್ಲಿ ಮುಗಿಯುತ್ತಿತ್ತೋ ಅವಳ ಕಷ್ಟ ಅಲ್ಲಿಂದ ಮೊದಲಾಗುತ್ತಿತ್ತು. ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಬಡವರ ಮನೆಗಳಿಗೂ ಸಿಲಿಂಡರು ತಲುಪಿದೆ. ಅದನ್ನು ಸಂಸ್ಕೃತಿಯ ನಾಶವೆಂದು ಹಲುಬುವವರನ್ನು ಆಷಾಢದ ಒಂದು ಬೆಳಗ್ಗೆ ಹಸಿ ಸೌದೆಯ ಮುಂದೆ ಕೂರಿಸಬೇಕು.

ಕಾಡನ್ನು ತಿಂದದ್ದು ಒಲೆಯೇ ಎಂಬ ಆರೋಪವನ್ನಂತೂ ನಾನು ಒಪ್ಪಲಾರೆ. ಭದ್ರಾವತಿಯ ಕಬ್ಬಿಣದ ಕುಲುಮೆ 1923ರಲ್ಲಿ ಉರಿಯತೊಡಗಿದ್ದು ನಮ್ಮ ಜಿಲ್ಲೆಯ ಕಾಡಿನ ಇದ್ದಲಿನಿಂದ. ಪಕ್ಕದ ಶಿರಸಿ ಸೀಮೆಯ ಸಾಲ್ಕಣಿಯ ಜನ 1983ರಲ್ಲಿ ಮರವನ್ನಪ್ಪಿ ನಿಂತು ‘ಅಪ್ಪಿಕೋ’ ಎಂದದ್ದು ಒಲೆಗೆ ಸೌದೆ ಆಯುವ ಹೆಂಗಸಿನ ವಿರುದ್ಧವಲ್ಲ.

ಅಡುಗೆಯ ಒಲೆಯನ್ನು ಒಡೆದ ಅವ್ವ ಬಚ್ಚಲ ಒಲೆಯನ್ನು ಮುಟ್ಟಲಿಲ್ಲ. ಅದರ ಮುಂದೆ ಯಾರೂ ಕೂರಬೇಕಾದುದಿಲ್ಲ. ಸೌದೆ ತುರುಕಿ ಬಂದರೆ ಹಂಡೆ ತಾನೇ ಕಾಯುತ್ತದೆ. ಅದಕ್ಕಾಗಿ ಈಗಲೂ ಪ್ರತಿ ಬೇಸಗೆಯ ರಜೆಯಲ್ಲಿ ನಾನು ಊರಿಗೆ ಹೋಗಿ ಸೌದೆ ಒಡೆಯುತ್ತೇನೆ. ಬಿದ್ದ ಮಾವು, ಕಡಿದ ಅಕೇಶಿಯಾ, ಸತ್ತ ಅಡಿಕೆಮರ; ಅಡಿಕೆ ಭರ್ರನೆ ಉರಿದು ಕೆಂಡವಿಲ್ಲದೆ ಮುಗಿಯುತ್ತದೆ, ಆದರೂ ಹೊತ್ತಿಸಲು ಅದೇ ಚೆನ್ನ. ಸಣ್ಣದಾಗಿ ಸೀಳುತ್ತೇನೆ.

ಕಳೆದ ಬೇಸಗೆಯಲ್ಲಿ ಆ ಹುಡುಗನನ್ನೂ ಅವನ ಇಬ್ಬರು ಸಹಪಾಠಿಗಳನ್ನೂ ಮನೆಗೆ ಕರೆದೊಯ್ದೆ. ಹೊರೆ ಹೇಗಿರಬೇಕೆಂದು ಅವ್ವನೇ ಹೇಳಿದಳು: ಉದ್ದ ಇಷ್ಟು, ದಪ್ಪ ಇಷ್ಟು, ಕಟ್ಟು ಎರಡು ಕಡೆ. ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟೆವು; 27 ಕಿಲೋ ಬಂತು. ಹುಡುಗ ತಲೆಯ ಮೇಲೆ ಸಿಂಬಿಯಿಟ್ಟು, ಇಬ್ಬರಿಂದ ಹೊರಿಸಿಕೊಂಡು, ಬಾವಿಯವರೆಗೆ ಹೋಗಿ ಬಂದು ಜಗಲಿಯ ಮೇಲೆ ಕುಳಿತುಬಿಟ್ಟ. ಬಹಳ ಹೊತ್ತು ಮಾತಾಡಲಿಲ್ಲ. ನಾನು ಮಾರಯ್ಯನ ಹೆಂಡತಿ ಮಹಾದೇವಿಯ ಕಥೆಯನ್ನೂ, ಬಸವಣ್ಣನವರು ಮಾರುವೇಷದಲ್ಲಿ ಬಂದು ಅವಳ ಕೈಯ ಅಂಬಲಿಯನ್ನು ಕುಡಿದರೆಂಬ ಐತಿಹ್ಯವನ್ನೂ ಹೇಳಿದೆ. ಅವಳೂ ವಚನಕಾರ್ತಿ, ಗಂಡನಿಗೆ ತಿಳಿವು ಹೇಳಿದವಳು. ಒಳಗಿನಿಂದ ಕೇಳುತ್ತಿದ್ದ ಅವ್ವ, “ಆ ಅಂಬಲಿಗೆ ಒಲೆ ಊದಿದ್ದು ಅವಳೇ ಅಲ್ವೇನಾ?” ಎಂದಳು. ಅದನ್ನು ಯಾವ ಪುರಾಣವೂ ಹೇಳಿದ್ದು ನನಗೆ ನೆನಪಾಗಲಿಲ್ಲ.

ಹುಡುಗರು ಸಂಜೆಯ ಬಸ್ಸಿಗೆ ಶಿಕಾರಿಪುರಕ್ಕೆ ಹಿಂದಿರುಗಿದರು. ಆ ಹೊರೆಯನ್ನು ಬಿಚ್ಚಿ ಒಟ್ಟಿಲಿಗೆ ಸೇರಿಸಿದೆ. ಹಲಸಿನ ಒಂದು ಗಂಟುಕೊರಡು ಮಾತ್ರ ಬೆಣೆಯನ್ನು ಕಚ್ಚಿಕೊಂಡು ಹಾಗೆಯೇ ಅಂಗಳದಲ್ಲಿ ಉಳಿದಿತ್ತು. ಮಳೆ ಬರುವುದರೊಳಗೆ ಮತ್ತೊಮ್ಮೆ ಊರಿಗೆ ಹೋಗಬೇಕಾಯಿತು.