ಒಬ್ಬರ ಬರಹ, ಹಲವರ ಗ್ರಂಥ

ಅಂತರ್ಜಾಲದ ಬರವಣಿಗೆಯಲ್ಲಿ ಎರಡು ಬಗೆಗಳನ್ನು ವಾಚಕರು ಬಲ್ಲರು. ಬ್ಲಾಗೆಂಬುದು ಒಬ್ಬರ ದಿನಚರಿಯಂತಿರುವುದು. ತಾರೀಖಿನ ಕ್ರಮದಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಅಲ್ಲಿ ತಪ್ಪು ಕಂಡ ವಾಚಕನು ಅಡಿಯಲ್ಲಿ ಅಭಿಪ್ರಾಯವನ್ನು ಬರೆಯಬಹುದೇ ಹೊರತು ತಿದ್ದಲಾರನು. ಆ ಅಧಿಕಾರವು ಕರ್ತೃವಿನದೇ. ವಿಕಿಯಲ್ಲಾದರೋ ಓದುವವನೇ ತಿದ್ದುವವನೂ ಆಗಬಹುದು. ಈ ಪದ್ಧತಿಯನ್ನು 1995ರಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ಆರಂಭಿಸಿದರು; ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಶೀಘ್ರವೆಂದರ್ಥ. ನಮ್ಮ ಕನ್ನಡ ವಿಕಿಪೀಡಿಯವು ಇದೇ ಪದ್ಧತಿಯಿಂದ 2003ರಿಂದ ಬೆಳೆದುಬಂದಿದೆ.

ಹಲವರ ಕೈ ಸೋಕಿದರೆ ಗ್ರಂಥವು ಕೆಡದೆ ಎಂದು ಕೆಲವರು ಶಂಕಿಸುವುದುಂಟು. ಶಂಕೆಯು ಯುಕ್ತವೇ. ಆದರೆ ಪ್ರತಿಯೊಂದು ತಿದ್ದುಪಡಿಯೂ ಕಾಲಸಹಿತವಾಗಿ ಪುಟದ ‘ಇತಿಹಾಸ’ದಲ್ಲಿ ದಾಖಲಾಗುತ್ತದೆ, ಕೆಟ್ಟುದನ್ನು ಹಿಂದಿನ ಪಾಠಕ್ಕೆ ಮರಳಿಸಬಹುದು, ಭಿನ್ನಾಭಿಪ್ರಾಯಕ್ಕೆ ‘ಚರ್ಚೆ’ಯ ಪುಟವುಂಟು. ತಾಳೆಯೋಲೆಯ ಲಿಪಿಕಾರನು ಕೈಯಾಡಿಸಿದಲ್ಲಿ ಮೂಲಪಾಠವಾವುದೆಂದು ಪಂಡಿತರು ತೊಳಲಬೇಕಾಗಿತ್ತು. ಇಲ್ಲಿ ಆ ಕ್ಲೇಶವು ಬಹುಮಟ್ಟಿಗೆ ತಪ್ಪಿದೆ.

ಸ್ವಾನುಭವವನ್ನೂ ಸ್ವಮತವನ್ನೂ ಹೇಳಲು ಬ್ಲಾಗೇ ಯೋಗ್ಯವಾದುದು. ವಿಕಿಯ ಮಾತು ಬೇರೆ. ತನ್ನೂರಿನ ಕೆರೆ, ಗುಡಿ, ಶಾಸನಗಳ ವಿಷಯದಲ್ಲಿ ಅಲ್ಲಿ ತಪ್ಪನ್ನು ಕಂಡೂ ಸುಮ್ಮನಿರುವ ಗೃಹಸ್ಥನು ಆ ತಪ್ಪಿನಲ್ಲಿ ತಾನೂ ಪಾಲುಗಾರನೆಂದು ನಮ್ಮ ಮತ. ಆಧಾರಗ್ರಂಥವನ್ನು ಮುಂದಿಟ್ಟುಕೊಂಡು ಅವನು ತಿದ್ದಲಿ. ಹೆಸರು ಬಾರದಿದ್ದರೂ ಮುಂದೆ ಓದುವ ಮಕ್ಕಳಿಗೆ ಸರಿಯಾದ ಪಾಠವು ದೊರೆಯುವುದು.