ಕೊನೆಯ ಗುಂಡಿಯಿಂದ ಶುರು

ಫೈನಲ್ ಇಯರ್ ಪ್ರಾಜೆಕ್ಟ್ ಹೊತ್ತಿಗೆ ನಮ್ಮಲ್ಲಿ ಒಂದಾದರೂ ತಂಡ ‘ವಿಶೇಷ ಮಕ್ಕಳಿಗಾಗಿ ಆ್ಯಪ್’ ಅಂತ ಸಿನಾಪ್ಸಿಸ್ ಕೊಡುತ್ತೆ. ಚಿತ್ರ ಒತ್ತಿದರೆ ಹಣ್ಣಿನ ಹೆಸರು ಹೇಳುತ್ತೆ, ಚಪ್ಪಾಳೆ ಸದ್ದು ಬರುತ್ತೆ, ವೈವಾ ಮುಗಿಯುತ್ತೆ. ತಪ್ಪೇನಿಲ್ಲ. ಆದರೆ ನಮ್ಮ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವ ಮಗುವಿನ ತಾಯಿಯನ್ನು ಕೇಳಿ ನೋಡಿ. ಮಗ ತಾನೇ ಸ್ನಾನ ಮಾಡಲಿ, ಅಂಗಡಿಗೆ ಹೋಗಿ ಹಾಲು ತರಲಿ, ಬಸ್ ಹತ್ತಿ ಸರಿಯಾದ ಸ್ಟಾಪಲ್ಲಿ ಇಳೀಲಿ ಅಂತಾರೆ. ಸೇಬಿನ ಚಿತ್ರ ಆಮೇಲೆ.

ಇದನ್ನು ಕಲಿಸೋಕೆ ವಿಧಾನ ಇದೆ. ಶರ್ಟ್ ಹಾಕೋದು ನಮಗೆ ಒಂದು ಕೆಲಸ. ವಿಶೇಷ ಶಿಕ್ಷಕರಿಗೆ ಅದು ಹತ್ತು ಹನ್ನೆರಡು ಹೆಜ್ಜೆ. ಅಷ್ಟನ್ನೂ ತಾವೇ ಮಾಡಿ, ಕೊನೆಯ ಗುಂಡಿಯನ್ನು ಮಾತ್ರ ಮಗುವಿಗೆ ಬಿಡ್ತಾರೆ. ಅದು ಕೈಗೆ ಬಂದ ಮೇಲೆ ಕೊನೆಯ ಎರಡು. ಹೀಗೆ ಹಿಂದಿನಿಂದ ಮುಂದಕ್ಕೆ. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದೇ. (ಡೇಟಾ ಸ್ಟ್ರಕ್ಚರ್ಸನ್ನ ನಮಗೂ ಯಾರಾದ್ರೂ ಹೀಗೆ ಹೇಳಿಕೊಟ್ಟಿದ್ದರೆ!)

ತೊಡಕು ಏನಂದ್ರೆ, ತರಗತಿಯಲ್ಲಿ ಕಲಿತದ್ದು ಬೀದಿಗೆ ತಾನಾಗಿ ಬರಲ್ಲ. ಪ್ಲಾಸ್ಟಿಕ್ ನಾಣ್ಯ ಸರಿಯಾಗಿ ಎಣಿಸೋ ಮಗು ಅಂಗಡಿ ಮುಂದೆ ತಬ್ಬಿಬ್ಬಾಗಬಹುದು. ನಿಜವಾದ ಅಂಗಡಿಯಲ್ಲೇ ಕಲಿಸಬೇಕು. ಅಲ್ಲೋ, ಈಗ ಎಲ್ಲರೂ ಕ್ಯೂಆರ್ ಕೋಡ್ ತೋರಿಸೋರೇ. ಹತ್ತರ ನೋಟು ಕೊಟ್ಟು ಮೂರು ರೂಪಾಯಿ ವಾಪಸ್ ಇಸ್ಕೊಳ್ಳೋದನ್ನ ಎಲ್ಲಿ ಕಲಿಸೋದು? ನಾವು ಹೆಮ್ಮೆಪಡುವ ಯುಪಿಐ ಈ ಪಾಠವನ್ನು ಇನ್ನಷ್ಟು ಕಷ್ಟ ಮಾಡಿದೆ. ಕಣ್ಣಿಗೆ ಕಾಣದ ದುಡ್ಡು ಇದೆಯೋ ಮುಗೀತೋ ಮಗುವಿಗೆ ಹೇಗೆ ಗೊತ್ತಾಗಬೇಕು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ವ್ಯವಸ್ಥೆಯೂ ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ಹದಿನೆಂಟು ತುಂಬಿದ ಮೇಲೆ? ಅಮ್ಮ ಜ್ವರ ಬಂದು ಮಲಗಿದ ದಿನ ತಾನೇ ಅನ್ನ ಬಡಿಸಿಕೊಂಡು ಉಣ್ಣೋಕೆ ಬರುತ್ತಾ ಅನ್ನೋದೇ ಆಗಿನ ಪರೀಕ್ಷೆ. ‘ನಮ್ಮ ನಂತರ ಯಾರು’ ಅಂತ ಅಪ್ಪ ಅಮ್ಮ ಕೇಳೋದೂ ಇದನ್ನೇ.

ನಾವು ಕೇಳೋದು ಸಣ್ಣದು. ತಿಂಗಳಿಗೊಂದು ಶನಿವಾರ ಬೆಳಗ್ಗೆ ನಮ್ಮ ಕ್ಯಾಂಟೀನನ್ನು ಹತ್ತಿರದ ವಿಶೇಷ ಮಕ್ಕಳ ಪಾಠಕ್ಕೆ ಬಿಟ್ಟುಕೊಡೋಣ. ನಿಜವಾದ ಕೌಂಟರ್, ನಿಜವಾದ ಚಿಲ್ಲರೆ, ಬಿಸಿ ಟೀ. ಕಲಿಸೋದು ಅವರ ಶಿಕ್ಷಕರೇ. ನಾವು ಕ್ಯೂನಲ್ಲಿ ಹಿಂದೆ ನಿಂತು ‘ಬೇಗ ಬೇಗ’ ಅನ್ನದಿದ್ದರೆ ಸಾಕು. ಆ್ಯಪ್ ಬೇಕೇ ಬೇಕು ಅನ್ನೋರು ಅಲ್ಲಿ ನಾಲ್ಕು ಶನಿವಾರ ನಿಂತು ನೋಡಿ ಸಿನಾಪ್ಸಿಸ್ ಬರೀಲಿ. ಕ್ಯಾಂಟೀನ್ ಅಣ್ಣನ ಹತ್ರ ಮಾತಾಡೋ ಜವಾಬ್ದಾರಿ ಕ್ಲಬ್ಬಿನದು.