ನಾಯಿಗೆ ಒಣ ಕಾಳೋ, ಗ್ರೇವಿ ಪೌಚೋ?

ನಾರಾವಿಯ ಮನೆಗಳಲ್ಲಿ ನಾಯಿಗೆ ಮೊದಲಿನಿಂದಲೂ ಕುಚ್ಚಲಕ್ಕಿ ಅನ್ನ, ಮೇಲಿಷ್ಟು ಬೂತಾಯಿ ಸಾರು. ಈಗ ಪ್ಯಾಕೆಟ್ ಆಹಾರವೂ ಬಂದಿದೆ, ಜೊತೆಗೆ ಈ ಪ್ರಶ್ನೆಯೂ.

ಪ್ಯಾಕೆಟ್ ಹಿಂಬದಿ ಓದುವವರು ‘ಪೌಚ್‌ನಲ್ಲಿ ಪ್ರೋಟೀನ್ ಶೇ. 8, ಕಾಳಿನಲ್ಲಿ ಶೇ. 20’ ಎಂದು ಕಾಳಿಗೇ ಗೆಲುವು ಕೊಡುತ್ತಾರೆ. ಆದರೆ ಕಾಳಿನಲ್ಲಿ ನೀರು ಶೇ. 10ರಷ್ಟು, ಪೌಚ್‌ನಲ್ಲಿ ಶೇ. 80ರಷ್ಟು. ನೀರು ಕಳೆದು ಲೆಕ್ಕ ಹಾಕಿದರೆ ಪೌಚೇ ಮುಂದೆ. ಹಾಗಿದ್ದರೂ ನನ್ನ ಮತ ಕಾಳಿಗೆ. 100 ಗ್ರಾಂ ಪೌಚ್‌ನಲ್ಲಿ ನೀರು ಬಿಟ್ಟರೆ ಉಳಿಯುವುದು 20 ಗ್ರಾಂ. ತೋಟ ಕಾಯುವ ನಾಯಿಗೆ ಅದು ಎಲ್ಲಿಗೆ ಸಾಕು? ಹಲ್ಲುದುರಿದ, ನೀರು ಸರಿಯಾಗಿ ಕುಡಿಯದ ಮುದಿ ನಾಯಿಗೆ ಪೌಚ್ ಇರಲಿ.

ನಿಜವಾದ ತೊಂದರೆ ನಮ್ಮ ಮಳೆ. ಅಡಿಕೆಗೆ ಬೂಷ್ಟು ಹಿಡಿಯದಂತೆ ಅಷ್ಟು ಜತನ ಮಾಡುವ ನಾವೇ ನಾಯಿಯ ಕಾಳಿನ ಚೀಲವನ್ನು ಬಾಯಿ ತೆರೆದು ಜಗಲಿಯಲ್ಲಿ ಬಿಡುತ್ತೇವೆ. ಕೆಲವು ಬೂಷ್ಟುಗಳಿಂದ ಹುಟ್ಟುವ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತನ್ನೇ ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. ಅಮೆರಿಕದಲ್ಲಿ ಈ ವಿಷವಿದ್ದ ಒಣ ಆಹಾರ ತಿಂದು 70ಕ್ಕೂ ಹೆಚ್ಚು ನಾಯಿಗಳು ಸತ್ತದ್ದು 2021ರ ಜನವರಿಯಲ್ಲಿ ವರದಿಯಾಗಿತ್ತು. ಅಲ್ಲಿ ವಿಷ ಕಾರ್ಖಾನೆಯಿಂದಲೇ ಬಂದಿತ್ತು. ಇಲ್ಲಿ ನಾವೇ ಯಾಕೆ ಅದಕ್ಕೆ ಜಾಗ ಕೊಡಬೇಕು?

ಅಗ್ಗವೆಂದು ಆಟಿ ತಿಂಗಳಲ್ಲಿ 10 ಕಿಲೋ ಚೀಲ ತರಬೇಡಿ. ಸಣ್ಣ ಪ್ಯಾಕೆಟ್ ತನ್ನಿ, ಪ್ಯಾಕೆಟ್ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೆರೆದ ಪೌಚ್‌ಗೆ ಫ್ರಿಜ್ ಬೇಕು. ಗಾಳಿಮಳೆಗೆ ಕರೆಂಟ್ ಹೋದರೆ ಅದೂ ಕಷ್ಟ. ಇನ್ನು ಅನ್ನ-ಬೂತಾಯಿಯನ್ನೇ ನಂಬಿದವರು ಮಸಾಲೆ, ನೀರುಳ್ಳಿ ಹಾಕುವ ಮೊದಲೇ ನಾಯಿಯ ಪಾಲಿನ ಮೀನನ್ನು ಬೇರೆ ಬೇಯಿಸಿ, ಮುಳ್ಳು ತೆಗೆದು ಹಾಕಿ. ನೀರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ.